ಸದಾಶಿವ ಪೇಠೆಯ ಹುಡುಗಿಯರ ಖಾನಾವಳಿ: ಎಂಟು ತಿಂಗಳು ಉಂಡ ಮೇಲೆ ಬರೆಯುತ್ತಿದ್ದೇನೆ

ಪುಣೆಯ ಸದಾಶಿವ ಪೇಠೆಯಲ್ಲಿ ಮೆಸ್ಸಿಗೇನೂ ಬರ ಇಲ್ಲ, ಎಂಪಿಎಸ್‌ಸಿ (ಮಹಾರಾಷ್ಟ್ರದ ಸರ್ಕಾರಿ ನೌಕರಿ ಪರೀಕ್ಷೆ) ಓದುವವರನ್ನು ನಂಬಿಕೊಂಡೇ ಓಣಿ ಓಣಿಗೂ ಇವೆ. ಆದರೆ ಜೋಳದ ರೊಟ್ಟಿ ಬಿಸಿಬಿಸಿ ಬಡಿದು ಹಾಕುವ, ಶೇಂಗಾ ಹಿಂಡಿ ಮೇಲೆ ಎಣ್ಣೆ ಬಿಡುವ, ಹುಡುಗಿಯರಿಗಷ್ಟೇ ಇರುವ ಖಾನಾವಳಿ ನನಗೆ ಸಿಕ್ಕಿದ್ದು ಇದೊಂದೇ. ನಡೆಸುವವರು ಜಮಖಂಡಿ ಕಡೆಯವರು. ಎಲ್ಲರೂ ಅವರನ್ನು ಕಾಕು ಅಂತಾರೆ. ಎಣ್ಣೆಗಾಯಿ ಮಾಡಿದ ದಿನ ಒಂದು ರೊಟ್ಟಿ ಜಾಸ್ತಿ ಹೋಗೋದು ಗ್ಯಾರಂಟಿ.

ಎರಡು ಹೊತ್ತಿನ ಊಟಕ್ಕೆ ತಿಂಗಳಿಗೆ 3200 ರೂಪಾಯಿ. ದಿನಾ ಅರ್ಧ ಗಂಟೆ ಕೆಲಸ ಮಾಡ್ತೀನಿ ಅಂದರೆ 2500. ಇದಕ್ಕೆ ಮೂಗು ಮುರಿಯುವವರು ಬಹಳ. ನಮ್ಮವ್ವನೇ ಫೋನಿನಲ್ಲಿ, "ಓದಾಕ ಹೋಗಿ ಮಂದಿ ಮುಸುರಿ ತಿಕ್ಕತೀಯೇನ?" ಅಂತ ಬೇಜಾರು ಮಾಡಿಕೊಂಡಳು.

ಅವಳಿಗೆ ನಾನು ಮೌಂಟ್ ಹೋಲಿಯೋಕ್ ಕಥೆ ಹೇಳಿದೆ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿರುವ ಹೆಣ್ಣುಮಕ್ಕಳ ಕಾಲೇಜು ಅದು, ಆಗ ಸೆಮಿನರಿ ಅಂತಿದ್ದರು. ಮೇರಿ ಲಯನ್ ಅನ್ನುವ ಟೀಚರ್ ಹಸಿರು ಚೀಲ ಹಿಡಿದು ಊರೂರು ತಿರುಗಿ ದುಡ್ಡು ಕೂಡಿಸಿ 1837ರಲ್ಲಿ ಶುರು ಮಾಡಿದ್ದು. ಸಾಧಾರಣ ಮನೆಯ ಹುಡುಗಿಯರೂ ಓದಲಿ ಅಂತ ಮನೆಗೆಲಸಕ್ಕೆ ಆಳುಗಳನ್ನು ಇಡಲಿಲ್ಲ. ಅಡುಗೆ, ಕಸ, ಪಾತ್ರೆ ಎಲ್ಲ ಹುಡುಗಿಯರೇ ಪಾಳಿ ಹಚ್ಚಿಕೊಂಡು ಮಾಡುತ್ತಿದ್ದರು, ದಿನಕ್ಕೆ ಸುಮಾರು ಒಂದು ಗಂಟೆ. ಅದಕ್ಕೇ ಊಟ, ವಸತಿ, ಪಾಠ ಎಲ್ಲ ಸೇರಿ ವರ್ಷಕ್ಕೆ 60 ಡಾಲರ್ ಸಾಕಾಯಿತು.

ನಾನು ಎಂಎ ಇಂಗ್ಲಿಷ್. ನಮಗೆ ಪಾಠಕ್ಕಿರುವ ಅಮೆರಿಕದ ಕವಿ ಎಮಿಲಿ ಡಿಕಿನ್ಸನ್ 1847ರಲ್ಲಿ, ಇನ್ನೂ 16 ವರ್ಷದವಳಿದ್ದಾಗ, ಅಲ್ಲಿಗೇ ಸೇರಿದ್ದು. ಅವಳ ಪಾಲಿಗೆ ಬಂದದ್ದು ಚಾಕು. ಬೆಳಿಗ್ಗೆ, ಮಧ್ಯಾಹ್ನ ಊಟದ ಮೇಜುಗಳಿಂದ ಚಾಕು ಎತ್ತಿಕೊಂಡು ಹೋಗಬೇಕು, ರಾತ್ರಿ ಅಷ್ಟೇ ಚಾಕು ತೊಳೆದು ಒರೆಸಿಡಬೇಕು. ಗೆಳತಿಗೆ ಬರೆದ ಕಾಗದದಲ್ಲಿ ಇಡೀ ದಿನವನ್ನೇ ಹೇಳಿದ್ದಾಳೆ: 6ಕ್ಕೆ ಏಳೋದು, 7ಕ್ಕೆ ತಿಂಡಿ, 8ಕ್ಕೆ ಓದು, 9ಕ್ಕೆ ಪ್ರಾರ್ಥನೆ, ಹನ್ನೆರಡೂವರೆಗೆ ಊಟ, ರಾತ್ರಿ ಮುಕ್ಕಾಲು ಒಂಬತ್ತಕ್ಕೆ ಮಲಗುವ ಗಂಟೆ. ಮಧ್ಯಾಹ್ನ ಇಳಿಹೊತ್ತಿಗೆ ಎಲ್ಲರೂ ಸೇರಿ, ತಡವಾಗಿ ಬಂದದ್ದು, ಓದುವ ಹೊತ್ತಿನಲ್ಲಿ ಮಾತಾಡಿದ್ದು, ಹೀಗೆ ತಮ್ಮ ತಪ್ಪುಗಳನ್ನು ತಾವೇ ಒಪ್ಪಿಸಬೇಕು. ಇಷ್ಟೆಲ್ಲ ಇದ್ದರೂ ಅಲ್ಲಿನ ಊಟವನ್ನು ಹೊಗಳಿದ್ದಾಳೆ. ಅಣ್ಣನಿಗೆ ಒಂದು ದಿನದ ಊಟದ ಪಟ್ಟಿಯನ್ನೇ ಕಳಿಸಿದ್ದಳು, ಕೊನೆಗೆ ಸೇಬಿನ ಡಂಪ್ಲಿಂಗ್ ಇತ್ತಂತೆ. ಅದಕ್ಕೂ ಮೊದಲು, 1828ರಲ್ಲಿ, ಅಮೆರಿಕದ್ದೇ ಯೇಲ್ ಕಾಲೇಜಿನ ಹುಡುಗರು ಮೆಸ್ಸಿನ ಊಟ ಸರಿಯಿಲ್ಲ ಅಂತ ದಂಗೆ ಎದ್ದಿದ್ದರು. ಬ್ರೆಡ್ ಆಂಡ್ ಬಟರ್ ರೆಬೆಲಿಯನ್ ಅಂತಲೇ ಅದಕ್ಕೆ ಹೆಸರು. ನಾವೇ ಕೈ ಹಾಕಿದ ಅಡುಗೆ ಮೇಲೆ ಅಷ್ಟು ಸಿಟ್ಟು ಬರೋದಿಲ್ಲ ಅಲ್ವಾ?

ನನ್ನ ಪಾಲಿಗೆ ಬಂದಿರೋದು ಲೋಟ. ರಾತ್ರಿ ಐವತ್ತು ಅರವತ್ತು ಸ್ಟೀಲ್ ಲೋಟ. ಕಾಕು ಹಳೆ ಇಳಕಲ್ ಸೀರೆ ಹರಿದು ಬಟ್ಟೆ ಮಾಡಿಟ್ಟಿದ್ದಾರೆ. ಅದನ್ನು ಲೋಟದೊಳಗೆ ತುರುಕಿ ಎರಡು ಸುತ್ತು ತಿರುಗಿಸಬೇಕು, ತಳದ ಅಂಚಿಗೆ ಬೆರಳೊತ್ತಿ ಒರೆಸಬೇಕು, ಇಲ್ಲದಿದ್ದರೆ ಬೋರ್ ನೀರಿನ ಬಿಳಿ ಕಲೆ ಹಾಗೇ ಕೂರುತ್ತದೆ. ಮೊದಲ ವಾರ ಕಾಕು ಒಂದು ಲೋಟವನ್ನು ಟ್ಯೂಬ್‌ಲೈಟಿಗೆ ಹಿಡಿದು, "ನಿಮ್ಮಪ್ಪ ಬಂದ್ರ ಇದರಾಗ ನೀರು ಕೊಡ್ತೀಯೇನವ್ವಾ?" ಅಂದರು. ಎಲ್ಲ ಲೋಟ ಮತ್ತೆ ತೊಳೆದೆ. ಪಕ್ಕದಲ್ಲಿ ತಾಟು ತೊಳೆಯುವ ಸೊಲ್ಲಾಪುರದ ಹುಡುಗಿಯಿಂದಲೇ ನಾನು ಮರಾಠಿ ಕಲಿತದ್ದು. ಈ ಊರಲ್ಲಿ ನನಗೆ ಒಂಟಿ ಅನಿಸದೇ ಇರೋದು ಆ ಅರ್ಧ ಗಂಟೆಯಿಂದ.

ಕೊರತೆಯೂ ಇದೆ. ತೊಳೆಯೋಕೆ ಒಂದೇ ನಲ್ಲಿ. ಭಾನುವಾರ ರಾತ್ರಿ ಬಂದ್. ತಿಂಗಳ ಕೊನೆಗೆ ಸಾರು ತೆಳ್ಳಗಾಗುತ್ತದೆ. ನನಗೆ ನಿಜಕ್ಕೂ ನೋವಾದದ್ದು, ಡೆಂಗ್ಯೂ ಬಂದು ಮಲಗಿದ್ದ ಹುಡುಗಿ ಪಾಳಿ ತಪ್ಪಿಸಿದಳು ಅಂತ ಅವಳಿಂದ ಪೂರ್ತಿ 3200 ತೆಗೆದುಕೊಂಡಾಗ. ನಾಲ್ಕೈದು ಜನ ಹೋಗಿ ಕಾಕು ಹತ್ತಿರ ಮಾತಾಡಿದೆವು. ಆ ದುಡ್ಡು ವಾಪಸ್ ಬಂತು, ಈಗ ಕಾಯಿಲೆಯಾದರೆ ಪಾಳಿ ಮಾಫಿ. ಪರೀಕ್ಷೆ ವಾರದಲ್ಲೂ ಮಾಫಿ ಮಾಡಿ ಅಂತ ಕೇಳುತ್ತಲೇ ಇದ್ದೇವೆ, ಇನ್ನೂ ಒಪ್ಪಿಲ್ಲ.

ಸೇರಬೇಕೆನ್ನುವವರು ಮೇ ಕೊನೆಗೇ ಬಂದು ಹೆಸರು ಬರೆಸಿ, ಜೂನ್‌ನಲ್ಲಿ ಜಾಗ ಸಿಗೋದಿಲ್ಲ. ಪಾಳಿ ಬೇಕಾದರೆ ಅವತ್ತೇ ಹೇಳಿ. ರೊಟ್ಟಿ ಬಡಿಯುವುದಕ್ಕೆ ಆಗಲೇ ಇಬ್ಬರಿದ್ದಾರೆ, ತಾಟಿನ ಪಾಳಿ ಖಾಲಿ ಇದೆ.