ದೋಣಿ ಟ್ಯಾಂಕಿನ ನಿಪ್ಪಲ್ ಸೋರಿದರೆ: ಟೇಪೋ, ಪೇಸ್ಟೋ, ಪುಟ್ಟಿಯೋ, ವಾಷರೋ?

ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ ಇರುವಾಗ ಗೋವಾದ ಮಾಲಿಂ, ಕುಟ್ಬಣ, ವಾಸ್ಕೋದ ಖಾರಿವಾಡೆಗಳಲ್ಲಿ ಬಲೆಗೆ, ಬಣ್ಣಕ್ಕೆ, ಎಂಜಿನ್ನಿಗೆ ಎಲ್ಲಕ್ಕೂ ಸರದಿ ಬರುತ್ತದೆ. ಇಂಧನ ಟ್ಯಾಂಕಿಗೆ ಪೈಪು ಜೋಡಿಸುವ ಥ್ರೆಡ್ ಇರುವ ತುಂಡು, ಅಂದರೆ ನಿಪ್ಪಲ್ಲಿಗೆ ಮಾತ್ರ ಬರುವುದಿಲ್ಲ. ಆಗಸ್ಟಿನಲ್ಲಿ ದೋಣಿ ನೀರಿಗಿಳಿದು ಪೆಟ್ರೋಲ್ ವಾಸನೆ ಮೂಗಿಗೆ ಬಡಿದಾಗಲೇ ಹಾರ್ಡ್‌ವೇರ್ ಅಂಗಡಿಗೆ ಓಟ. ಅಲ್ಲಿ ಕೈಗೆ ಸಿಗುವವು ನಾಲ್ಕು: ಟೆಫ್ಲಾನ್ ಟೇಪು, ಥ್ರೆಡ್ ಪೇಸ್ಟು, ಎಪಾಕ್ಸಿ ಪುಟ್ಟಿ, ವಾಷರು. ಓಬಿಎಂ (ಹೊರಗೆ ತಗುಲಿಸುವ ಎಂಜಿನ್) ದೋಣಿಗಳ ಪ್ಲಾಸ್ಟಿಕ್ ಟ್ಯಾಂಕು, ಒಳಗೆ ಕೂರಿಸಿದ ಅಲ್ಯೂಮಿನಿಯಂ ಟ್ಯಾಂಕು, ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) ಮತ್ತು ಕಬ್ಬಿಣದ ಡೀಸೆಲ್ ಟ್ಯಾಂಕು, ಇವೆಲ್ಲದರ ಮೇಲೂ ಈ ನಾಲ್ಕನ್ನೂ ಬಳಸಿದ ಮೇಲೆ ನಮಗೆ ಅನ್ನಿಸಿದ್ದು ಇಷ್ಟು: ಯಾವುದು ಒಳ್ಳೆಯದು ಎಂದು ಅಂಗಡಿಯವನನ್ನು ಕೇಳುವ ಮೊದಲು ಥ್ರೆಡ್ ಯಾವುದು, ಟ್ಯಾಂಕು ಯಾವುದರದ್ದು ಎಂದು ನೋಡಬೇಕು. ಅರ್ಧ ಉತ್ತರ ಅಲ್ಲೇ ಇರುತ್ತದೆ.

ಮೊದಲು ಸೋರುವ ಜಾಗ ಹಿಡಿಯಿರಿ. ಮೇಲಿನ ಹೋಸ್ ಕ್ಲಿಪ್ ಸಡಿಲವಾಗಿ ಇಳಿದು ಬಂದ ಎಣ್ಣೆಯನ್ನು ನಿಪ್ಪಲ್ ಸೋರಿಕೆ ಎಂದುಕೊಳ್ಳುವವರೇ ಹೆಚ್ಚು. ಸುತ್ತ ಒರೆಸಿ ಒಣಗಿಸಿ, ಸೀಮೆಸುಣ್ಣದ ಪುಡಿಯನ್ನು ನೀರಲ್ಲಿ ಕಲಸಿ ತೆಳ್ಳಗೆ ಬಳಿದು ಆರಲು ಬಿಡಿ. ಡೀಸೆಲ್ ಕಪ್ಪು ಗೆರೆ ಎಳೆದು ತೋರಿಸುತ್ತದೆ. ಪೆಟ್ರೋಲ್ ಗುರುತು ಬೇಗ ಆರಿಹೋಗುವುದರಿಂದ ಪಕ್ಕದಲ್ಲೇ ನಿಂತು ನೋಡಬೇಕು.

ಆಮೇಲೆ ಥ್ರೆಡ್. ನಮ್ಮ ಅಂಗಡಿಗಳಲ್ಲಿ ಸಿಗುವ ಪ್ಲಂಬಿಂಗ್ ಸಾಮಾನಿನ ಥ್ರೆಡ್ ಬಿಎಸ್‌ಪಿ ಎಂಬ ಬ್ರಿಟಿಷ್ ಅಳತೆಯದ್ದು. ಹೊರದೇಶದ ಟ್ಯಾಂಕುಗಳಲ್ಲಿ, ಅದರಲ್ಲೂ ಅಮೆರಿಕದವುಗಳಲ್ಲಿ, ಎನ್‌ಪಿಟಿ ಎಂಬ ಅಲ್ಲಿಯ ಅಳತೆ. ಕಾಲಿಂಚಿನಲ್ಲಿ ಬಿಎಸ್‌ಪಿಗೆ ಇಂಚಿಗೆ 19 ಥ್ರೆಡ್, ಎನ್‌ಪಿಟಿಗೆ 18. ಒಂದರೊಳಗೆ ಇನ್ನೊಂದು ಎರಡು ಮೂರು ಸುತ್ತು ಹೋಗಿ ಬಿಗಿಯಾಗುತ್ತದೆ, ಕೂತಿತೆಂದು ಸಮಾಧಾನವಾಗುತ್ತದೆ. ಅರ್ಧ ಇಂಚಿನದು ಇನ್ನೂ ಮೋಸದ್ದು. ಎರಡಕ್ಕೂ ಇಂಚಿಗೆ 14, ಆದರೆ ಕೋನ ಬೇರೆ: ಬಿಎಸ್‌ಪಿಗೆ 55 ಡಿಗ್ರಿ, ಎನ್‌ಪಿಟಿಗೆ 60. ಕೈಯಲ್ಲಿ ಗೊತ್ತೇ ಆಗುವುದಿಲ್ಲ. ಥ್ರೆಡ್ಡಿನ ತುದಿ ಮತ್ತು ಬುಡದ ನಡುವೆ ಉಳಿಯುವ ಸಂದಿಯಲ್ಲಿ ಎಣ್ಣೆ ಸುರುಳಿ ಸುರುಳಿಯಾಗಿ ಹೊರಬರುತ್ತದೆ. ಏನೇ ಬಳಿದರೂ ಅದು ತಾತ್ಕಾಲಿಕ. ಥ್ರೆಡ್ ಗೇಜ್ ಇಟ್ಟು ನೋಡಿ, ಸರಿಯಾದ ನಿಪ್ಪಲ್ ತನ್ನಿ, ಅಷ್ಟೇ.

ಥ್ರೆಡ್ ನೇರವೋ ಮೊನಚೋ ಎಂಬುದೂ ಮುಖ್ಯ. ಮೊನಚಾದದ್ದು, ಅಂದರೆ ತುದಿಗೆ ಹೋದಂತೆ ಸಣ್ಣಗಾಗುವುದು, ಥ್ರೆಡ್ಡಿನಲ್ಲೇ ಸೀಲ್ ಆಗುತ್ತದೆ. ನೇರವಾದದ್ದು ಭುಜದ ಕೆಳಗಿನ ವಾಷರಿನಲ್ಲಿ ಸೀಲ್ ಆಗುತ್ತದೆ. ನೇರ ಥ್ರೆಡ್ಡಿಗೆ ಟೇಪ್ ಸುತ್ತುವುದು ದಂಡ.

ಇನ್ನು ಟೇಪಿನ ವಿಚಾರ. ಪೆಟ್ರೋಲಿಗೆ ಟೆಫ್ಲಾನ್ ಕರಗುವುದಿಲ್ಲ, ಆ ಹೆದರಿಕೆ ಬೇಡ. ತೊಂದರೆ ಬೇರೆ ಕಡೆ ಇದೆ. ತೆಳ್ಳನೆಯ ಬಿಳಿ ಟೇಪು ನಲ್ಲಿಗೆ ಸರಿ. ಇಲ್ಲಿ ಗ್ಯಾಸ್ ಲೈನಿಗೆ ಬಳಸುವ ಹಳದಿ ದಪ್ಪ ಟೇಪು ತನ್ನಿ. ತುದಿಯ ಎರಡು ಥ್ರೆಡ್ ಬಿಟ್ಟು, ಥ್ರೆಡ್ಡಿನ ತುದಿಯನ್ನು ನಿಮ್ಮ ಕಡೆ ಹಿಡಿದು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಎಳೆದು ಎರಡು ಮೂರು ಸುತ್ತು ಸುತ್ತಿ. ಆ ಎರಡು ಥ್ರೆಡ್ ಬಿಡದಿದ್ದರೆ ಟೇಪಿನ ಚೂರು ಹರಿದು ಲೈನಿಗೆ ಹೋಗುತ್ತದೆ, ಫಿಲ್ಟರಿನಲ್ಲೋ ಕಾರ್ಬುರೇಟರ್ ಜೆಟ್ಟಿನಲ್ಲೋ ಕೂರುತ್ತದೆ. ಸೋರಿಕೆ ನಿಂತಿತೆಂದು ಹೊರಟವರ ಎಂಜಿನ್ ಸ್ಪೀಡ್ ಕೊಟ್ಟಾಗ ಉಸಿರುಗಟ್ಟಿ ನಿಲ್ಲುವುದು ಹೀಗೆ. ಹಳೆ ಟೇಪನ್ನು ಕೆರೆದು ತೆಗೆಯದೆ ಅದರ ಮೇಲೇ ಹೊಸದು ಸುತ್ತಿದರೂ ಇದೇ ಕಥೆ.

ಟೇಪಿನ ಇನ್ನೊಂದು ಗುಣ, ಜಾರಿಕೆ. ಪಾನಾ ಹಗುರಾಗಿ ತಿರುಗುತ್ತದೆ, ಇನ್ನೂ ಬಿಗಿಯಾಗಿಲ್ಲ ಎನ್ನಿಸುತ್ತದೆ, ಅಷ್ಟರಲ್ಲಿ ಅಲ್ಯೂಮಿನಿಯಂ ಬಾಸ್ (ನಿಪ್ಪಲ್ ಕೂರುವ ಟ್ಯಾಂಕಿನ ದಪ್ಪ ಬಾಯಿ) ಬಿರುಕು ಬಿಟ್ಟಿರುತ್ತದೆ. ಕೈಯಲ್ಲಿ ಬಿಗಿಯಾದ ಮೇಲೆ ಪಾನಾದಿಂದ ಒಂದೂವರೆಯಿಂದ ಎರಡು ಸುತ್ತು ಸಾಕು. ಎಲ್ಬೋ (ಬಾಗಿದ ನಿಪ್ಪಲ್) ನೇರ ಬರಲಿಲ್ಲವೆಂದು ಕಾಲು ಸುತ್ತು ಹಿಂದಕ್ಕೆ ತಿರುಗಿಸಿದರೆ ಸೀಲ್ ಹೋಯಿತು, ಬಿಚ್ಚಿ ಮತ್ತೆ ಸುತ್ತಬೇಕು. ಡೀಸೆಲ್ ಟ್ಯಾಂಕಿನ ಲೋಹದ ಥ್ರೆಡ್ಡಿಗೆ ಟೇಪು ನಡೆಯುತ್ತದೆ. ಪೆಟ್ರೋಲ್ ಓಬಿಎಂಗೆ ಅದು ನಮ್ಮ ಎರಡನೇ ಆಯ್ಕೆ.

ಲೋಹಕ್ಕೆ ಲೋಹ, ಮೊನಚು ಥ್ರೆಡ್, ಎಂಜಿನ್ನಿನ ನಡುಕ ಇವಿಷ್ಟೂ ಇರುವಲ್ಲಿ ಮೊದಲ ಆಯ್ಕೆ ಗಟ್ಟಿಯಾಗುವ ಪೇಸ್ಟು, ಲೋಕ್‌ಟೈಟ್ 577ರ ಜಾತಿಯದ್ದು. ಗಾಳಿ ಸಿಗದ ಕಡೆ, ಲೋಹ ತಗುಲಿದಾಗ ಮಾತ್ರ ಗಟ್ಟಿಯಾಗುವುದು ಇದರ ಸ್ವಭಾವ. ಹಿತ್ತಾಳೆ, ಕಬ್ಬಿಣದ ಮೇಲೆ ಬೇಗ ಹಿಡಿಯುತ್ತದೆ. ಎಸ್‌ಎಸ್ ಮೇಲೆ ನಿಧಾನ, ಅಲ್ಲಿ ಬೇಗ ಗಟ್ಟಿಯಾಗಿಸುವ ಆ್ಯಕ್ಟಿವೇಟರ್ ಹಚ್ಚಿ, ಇಲ್ಲವೇ ಎಸ್‌ಎಸ್‌ಗೆಂದೇ ಇರುವ 567 ತನ್ನಿ. ಥ್ರೆಡ್ಡನ್ನು ವೈರ್ ಬ್ರಷ್‌ನಿಂದ ಉಜ್ಜಿ ಅಸಿಟೋನಿನಿಂದ ಒರೆಸಿ. ಎಣ್ಣೆಪಸೆ ಇದ್ದರೆ ಹಿಡಿಯುವುದಿಲ್ಲ. ಮೊದಲ ಥ್ರೆಡ್ ಬಿಟ್ಟು ಸುತ್ತಲೂ ಒಂದು ಉಂಗುರದಷ್ಟು ಹಚ್ಚಿ, ಎಲ್ಬೋದ ದಿಕ್ಕನ್ನು ಆಗಲೇ ಸರಿಮಾಡಿ, 24 ಗಂಟೆ ಮುಟ್ಟಬೇಡಿ.

ಎರಡು ಎಚ್ಚರಿಕೆ. ಬೋಲ್ಟಿಗೆ ಹಾಕುವ ಕೆಂಪು ಗಟ್ಟಿ ಲಾಕರ್ ಇಲ್ಲಿಗೆ ಬೇಡವೇ ಬೇಡ. ಅದನ್ನು ಬಿಚ್ಚಲು ಬಿಸಿ ಕೊಡಬೇಕು, ಟ್ಯಾಂಕಿನ ಬಳಿ ಬ್ಲೋ ಲ್ಯಾಂಪ್ ಹಿಡಿಯುವ ಧೈರ್ಯ ಯಾರೂ ಮಾಡಬಾರದು. ಪ್ಲಾಸ್ಟಿಕ್ ಥ್ರೆಡ್ಡಿಗೂ ಈ ಪೇಸ್ಟು ಬೇಡ. ಲೋಹವಿಲ್ಲದೆ ಅದು ಗಟ್ಟಿಯಾಗುವುದಿಲ್ಲ, ಬಿಗಿಯಾಗಿ ಎಳೆದಿರುವ ಕೆಲವು ಪ್ಲಾಸ್ಟಿಕ್‌ಗಳನ್ನು ಬಿರುಕುಬಿಡಿಸುತ್ತದೆ.

ಗಟ್ಟಿಯಾಗದ ಪೇಸ್ಟುಗಳೂ ಇವೆ. ಟ್ಯೂಬಿನ ಮೇಲೆ ಪೆಟ್ರೋಲಿಗೆ ತಡೆಯುತ್ತದೆ ಎಂದು ಬರೆದಿದ್ದರೆ ಆಗಾಗ ಬಿಚ್ಚುವ ಕಡೆ ಬಳಸಬಹುದು. ಸಾದಾ ಸಿಲಿಕಾನ್ ಗ್ಯಾಸ್ಕೆಟ್ ಪೇಸ್ಟು ಪೆಟ್ರೋಲಿನಲ್ಲಿ ಉಬ್ಬಿ ಎದ್ದು ಬರುತ್ತದೆ, ಅದನ್ನು ಎಂಜಿನ್ ಕೆಲಸಕ್ಕೇ ಇಟ್ಟುಕೊಳ್ಳಿ.

ಎಪಾಕ್ಸಿ ಪುಟ್ಟಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಲೋಹದ ಟ್ಯಾಂಕಿನ ಮೇಲೆ, ಪೂರ್ತಿ ಒಣಗಿಸಿ ಉಪ್ಪುಕಾಗದ ಉಜ್ಜಿ, ಎರಡು ಭಾಗವನ್ನೂ ಸಮ ಬಣ್ಣ ಬರುವವರೆಗೆ ನಾದಿ ಒತ್ತಿದರೆ ದಡ ಮುಟ್ಟಿಸುತ್ತದೆ. ತೊಟ್ಟಿಕ್ಕುತ್ತಿರುವಾಗಲೇ ಒತ್ತಿದರೆ ಹಿಡಿಯುವುದಿಲ್ಲ. ಪ್ಲಾಸ್ಟಿಕ್ ಟ್ಯಾಂಕಿನ ಮೇಲೆ ಯಾವ ಕಂಪನಿಯ ಪುಟ್ಟಿಯೂ ನಿಲ್ಲುವುದಿಲ್ಲ. ಅದು ಪುಟ್ಟಿಯ ತಪ್ಪಲ್ಲ. ಪಾಲಿಥಿನ್‌ಗೆ ಅಂಟು ಹತ್ತುವುದೇ ಇಲ್ಲ, ಸಾಲದೆಂಬಂತೆ ಪೆಟ್ರೋಲ್ ತುಂಬಿದ ಮೇಲೆ ಟ್ಯಾಂಕು ತುಸು ಹಿಗ್ಗುತ್ತದೆ, ಗಟ್ಟಿ ಪುಟ್ಟಿ ಜೊತೆಗೆ ಹಿಗ್ಗದೆ ಸಿಪ್ಪೆಯಂತೆ ಎದ್ದುಬಿಡುತ್ತದೆ.

ಹಾಗಾದರೆ ಪ್ಲಾಸ್ಟಿಕ್ಕಿಗೆ ಏನು? ವಾಷರು. ನಮ್ಮ ಮಟ್ಟಿಗೆ ನಾಲ್ಕರಲ್ಲಿ ಅತಿ ಕಡಿಮೆ ಕಾಡಿಸುವುದು ಇದೇ. ನೇರ ಥ್ರೆಡ್ ಇರುವ ಲೋಹದ ಟ್ಯಾಂಕಿಗೆ ಡೌಟಿ ವಾಷರು ಹಾಕಿ, ಅಂದರೆ ಲೋಹದ ಬಳೆಯ ಒಳಗಡೆ ರಬ್ಬರ್ ತುಟಿ ಇರುವಂಥದ್ದು. ಹೈಡ್ರಾಲಿಕ್ ಹೋಸ್ ಮಾಡಿಕೊಡುವ ಅಂಗಡಿಗಳಲ್ಲಿ ಕೇಳಿ. ಕಾಲಿಂಚು ಬಿಎಸ್‌ಪಿಗೆ ಒಳವ್ಯಾಸ ಸುಮಾರು 13.7 ಮಿ.ಮೀ., ಹೊರವ್ಯಾಸ 20.6. ಕೂರುವ ಮುಖ ಸಪಾಟಾಗಿ, ಗೀರಿಲ್ಲದೆ ಇರಬೇಕು. ರಬ್ಬರ್ ಯಾವುದೆಂದು ಕೇಳದೆ ತರಬೇಡಿ. ಡೀಸೆಲ್ಲಿಗೆ ನೈಟ್ರೈಲ್ ಸಾಕು. ಪಂಪಿನಲ್ಲಿ ಈಗ ಸಿಗುವ ಇ20 (20% ಎಥೆನಾಲ್ ಬೆರೆತ) ಪೆಟ್ರೋಲಿಗೆ ವೈಟಾನ್ ಒಳ್ಳೆಯದು, ಎಥೆನಾಲಿನಿಂದ ಸಾದಾ ರಬ್ಬರ್ ಹೆಚ್ಚು ಉಬ್ಬುತ್ತದೆ.

ಪ್ಲಾಸ್ಟಿಕ್ ಟ್ಯಾಂಕಿನ ಮೇಲ್ಮೈಯಲ್ಲಿ ಅಚ್ಚಿನ ಗೆರೆಗಳಿರುತ್ತವೆ, ವಾಷರಿನ ಅಡಿಯಿಂದ ಎಣ್ಣೆ ಹೊರಬರುವುದು ಅಲ್ಲಿಂದಲೇ. ಮರದ ಸಪಾಟು ತುಂಡಿಗೆ 240 ನಂಬರಿನ ಉಪ್ಪುಕಾಗದ ಸುತ್ತಿ ಗೆರೆ ಹೋಗುವವರೆಗೆ ಉಜ್ಜಿ, ಕೊನೆಗೆ 400ರಲ್ಲಿ ನಯಮಾಡಿ. ಧೂಳು ಒಳಗೆ ಬೀಳದಂತೆ ತೂತಿಗೆ ಬಟ್ಟೆ ತುರುಕಿ, ತೆಗೆಯಲು ಮರೆಯಬೇಡಿ. ಚಾಚು (ನಿಪ್ಪಲ್ಲಿನ ಅಗಲವಾದ ಅಂಚು) ಒಳಗೆ, ನಟ್ಟು ಹೊರಗೆ ಇರುವ ನಿಪ್ಪಲ್ಲಾದರೆ ವೈಟಾನ್ ಗ್ಯಾಸ್ಕೆಟ್ ಚಾಚಿನ ಕಡೆ ಇರಲಿ. ನಟ್ಟಿನ ಕಡೆ ಹಾಕಿದರೆ ಬಿಗಿಮಾಡುವಾಗ ತಿರುಚಿಕೊಳ್ಳುತ್ತದೆ. ಎಣ್ಣೆಯ ಮಟ್ಟ ತೋರಿಸುವ ಗೇಜಿನ ತೂತಿನಿಂದ ಕೈಹಾಕಿ ಒಳಗಿನ ಚಾಚು ಹಿಡಿದು, ಕೈಬಿಗಿಯ ಮೇಲೆ ಕಾಲು ಸುತ್ತಿನಿಂದ ಅರ್ಧ ಸುತ್ತು, ಅದಕ್ಕಿಂತ ಹೆಚ್ಚಿಲ್ಲ. ಒತ್ತಡದಲ್ಲಿ ಪ್ಲಾಸ್ಟಿಕ್ ನಿಧಾನವಾಗಿ ಸರಿಯುತ್ತದೆ, ಆದ್ದರಿಂದ ಟ್ಯಾಂಕು ತುಂಬಿ ಒಂದೆರಡು ದಿನವಾದ ಮೇಲೆ ನಟ್ಟನ್ನು ಮತ್ತೊಮ್ಮೆ ಮುಟ್ಟಿ ನೋಡಬೇಕು.

ಸೀಲ್ ಯಾವುದೇ ಇರಲಿ, ಲೋಹದ ಜೋಡಿ ತಪ್ಪಿದರೆ ಉಪ್ಪುಗಾಳಿ ಬಿಡುವುದಿಲ್ಲ. ಅಲ್ಯೂಮಿನಿಯಂ ಟ್ಯಾಂಕಿಗೆ ಹಿತ್ತಾಳೆ ನಿಪ್ಪಲ್ಲನ್ನು ನೇರವಾಗಿ ಹಾಕಿದರೆ ಅಲ್ಯೂಮಿನಿಯಂ ಥ್ರೆಡ್ಡೇ ಬಿಳಿ ಪುಡಿಯಾಗಿ ಉದುರುತ್ತದೆ. ಎಸ್‌ಎಸ್ 316 ನಿಪ್ಪಲ್ ಹಾಕಿ. ಹಿತ್ತಾಳೆ ಕಾಕ್ ಬೇಕೇ ಬೇಕೆಂದರೆ ನಡುವೆ ಒಂದು ಎಸ್‌ಎಸ್ ಬುಷ್ ಇರಲಿ. ಡೀಸೆಲ್ ಟ್ಯಾಂಕಿಗೆ ಜಿಐ (ಸತು ಲೇಪಿಸಿದ ಕಬ್ಬಿಣ) ನಿಪ್ಪಲ್ ಅಗ್ಗವೆಂದು ಹಾಕಬೇಡಿ, ಸತುವಿಗೂ ಡೀಸೆಲ್ಲಿಗೂ ಆಗಿಬರುವುದಿಲ್ಲ.

ಬಿಚ್ಚುವ ಮೊದಲು ಬ್ಯಾಟರಿಯ ನೆಗೆಟಿವ್ ತೆಗೆದಿಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಹಾರಿಹೋಗದೆ ದೋಣಿಯ ತಳದಲ್ಲಿ ಕೂರುತ್ತದೆ. ಸಾಧ್ಯವಾದರೆ ಟ್ಯಾಂಕನ್ನೇ ದಡಕ್ಕೆ ತನ್ನಿ. ಬಾಸ್ ಬಿರುಕು ಬಿಟ್ಟಿದ್ದರೆ ವೆಲ್ಡಿಂಗ್ ನಿಮ್ಮ ಕೆಲಸವಲ್ಲ. ಟ್ಯಾಂಕನ್ನು ಪೂರ್ತಿ ತೊಳೆದು ಆವಿ ಹೊರಹಾಕಿ ಕೆಲಸ ಮಾಡುವವರಿಗೇ ಕೊಡಿ. ಖಾಲಿ ಡೀಸೆಲ್ ಟ್ಯಾಂಕೂ ಸಿಡಿಯುತ್ತದೆ.

ಪರೀಕ್ಷೆಗೆ ಕಂಪ್ರೆಸರ್ ತರಬೇಡಿ, ಪ್ಲಾಸ್ಟಿಕ್ ಟ್ಯಾಂಕು ಉಬ್ಬುತ್ತದೆ, ಅಲ್ಯೂಮಿನಿಯಂ ಗೋಡೆ ಬಾಗುತ್ತದೆ. ಮೂರು ಮೀಟರ್ ಪಾರದರ್ಶಕ ಪೈಪನ್ನು ಯು ಆಕಾರದಲ್ಲಿ ಹಲಗೆಗೆ ಕಟ್ಟಿ, ಎರಡೂ ಕಡೆ 60 ಸೆಂ.ಮೀ. ನೀರು ತುಂಬಿ, ಒಂದು ತುದಿಯನ್ನು ಖಾಲಿ ಟ್ಯಾಂಕಿನ ವೆಂಟಿಗೆ (ಗಾಳಿಯಾಡುವ ತೂತಿಗೆ) ಒಂದು ಟೀ, ಅಂದರೆ ಮೂರು ಬಾಯಿಯ ಪೈಪು ತುಂಡಿನ ಮೂಲಕ ಜೋಡಿಸಿ. ಉಳಿದ ತೂತುಗಳನ್ನೆಲ್ಲ ಮುಚ್ಚಿ. ಟೀಯ ಇನ್ನೊಂದು ಬಾಯಿಂದ ಸೈಕಲ್ ಪಂಪಿನಲ್ಲಿ ನಿಧಾನ ಗಾಳಿ ಹಾಕಿ, ಸಾಕಾದ ಕೂಡಲೇ ಆ ಬಾಯಿಯನ್ನು ಕಟ್ಟಿ. ಎರಡು ಕಡೆಯ ನೀರಿನ ಎತ್ತರದಲ್ಲಿ 1 ಮೀಟರ್ ವ್ಯತ್ಯಾಸ ಬಂದರೆ ಒತ್ತಡ ಸುಮಾರು 0.1 ಬಾರ್, ಅಷ್ಟು ಸಾಕು. ಕೈ ಮೀರಿ ಗಾಳಿ ಹೋದರೂ ಗುಳ್ಳೆ ನೀರಿನ ಮೂಲಕ ಹೊರಬೀಳುತ್ತದೆ, ಟ್ಯಾಂಕು ಉಳಿಯುತ್ತದೆ. ಇದನ್ನು ನೆರಳಿನಲ್ಲಿ ಮಾಡಿ. ಬಿಸಿಲು ಬಿದ್ದರೆ ಒಳಗಿನ ಗಾಳಿ ಹಿಗ್ಗಿ, ಸೋರಿಕೆ ಇದ್ದರೂ ನೀರು ಇಳಿಯದೆ ನಿಂತಂತೆ ಕಾಣುತ್ತದೆ. ಹತ್ತು ನಿಮಿಷ ಮಟ್ಟ ಕದಲದಿದ್ದರೂ ನಿಪ್ಪಲ್ಲಿನ ಸುತ್ತ ಸೋಪಿನ ನೀರು ಬಳಿದು ನೋಡಿಯೇ ಟ್ಯಾಂಕನ್ನು ದೋಣಿಗೆ ಏರಿಸಿ.