ಹಳೆಯ ಜಾಝ್ ಗಾಯನದ ಆಲ್ಬಮ್‌ಗಳಿಗಾಗಿ ಸ್ಟ್ರೀಮಿಂಗ್ ಚಂದಾ: ಕೆಲವು ವರ್ಷಗಳ ಬಳಕೆಯ ನಂತರ

ತಿಂಗಳ ಚಂದಾ ಕಟ್ಟಿ ಬಳಸುವ ಒಂದು ಸಂಗೀತ ಸ್ಟ್ರೀಮಿಂಗ್ ಸೇವೆಯನ್ನು ನಾನು ಕೆಲವು ವರ್ಷಗಳಿಂದ ಬಹುತೇಕ ಒಂದೇ ಉದ್ದೇಶಕ್ಕೆ ಬಳಸುತ್ತಿದ್ದೇನೆ. 1950ರ ದಶಕದ ಮತ್ತು 60ರ ದಶಕದ ಆರಂಭದ ಅಮೆರಿಕನ್ ಜಾಝ್ ಗಾಯನವನ್ನೂ ಅದರ ಪಕ್ಕದಲ್ಲೇ ಬೆಳೆದು 'ಈಸಿ ಲಿಸನಿಂಗ್' ಎಂಬ ಹೆಸರು ಪಡೆದ ಲಘು ಸಂಗೀತವನ್ನೂ ಬಿಡಿ ಹಾಡುಗಳಾಗಿ ಅಲ್ಲದೆ ಪೂರ್ಣ ಆಲ್ಬಮ್‌ಗಳಾಗಿ, ಮೊದಲಿನಿಂದ ಕೊನೆಯವರೆಗೆ ಕೇಳುವುದು ಆ ಉದ್ದೇಶ. ಹೊಸ ಚಿತ್ರಗೀತೆಗಳಿಗಾಗಿ ಚಂದಾ ಕಟ್ಟುವವರಿಗೆ ಈ ವಿಮರ್ಶೆಯಿಂದ ಪ್ರಯೋಜನ ಕಡಿಮೆ. ಸೇವೆಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಇಲ್ಲಿ ಹೇಳುವ ಗುಣದೋಷಗಳಲ್ಲಿ ಹೆಚ್ಚಿನವು ಈ ಬಗೆಯ ಇತರ ಸೇವೆಗಳಲ್ಲಿಯೂ ಕಾಣಸಿಗುವಂಥವು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದಾದರೆ, ಸಂಗ್ರಹದ ವಿಸ್ತಾರಕ್ಕೆ ಪೂರ್ಣ ಅಂಕ ಕೊಡಬಹುದು. ಆ ಸಂಗ್ರಹವನ್ನು ಜೋಡಿಸಿಟ್ಟಿರುವ ಕ್ರಮಕ್ಕೆ ಅರ್ಧ ಅಂಕ ಕೊಟ್ಟರೂ ಹೆಚ್ಚಾಯಿತು.

ಆಲ್ಬಮ್ ಎಂಬ ಘಟಕಕ್ಕೆ ನಾನು ಇಷ್ಟು ಮಹತ್ವ ಕೊಡಲು ಚಾರಿತ್ರಿಕ ಕಾರಣವಿದೆ. ನಿಮಿಷಕ್ಕೆ 78 ಸುತ್ತು ತಿರುಗುವ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿನಲ್ಲಿ ಮೂರು ನಾಲ್ಕು ನಿಮಿಷಗಳ ಸಂಗೀತ ಮಾತ್ರ ಹಿಡಿಸುತ್ತಿತ್ತು. 1948ರಲ್ಲಿ ಕೊಲಂಬಿಯಾ ಕಂಪನಿ ದೀರ್ಘಕಾಲ ನುಡಿಯುವ ತಟ್ಟೆಯಾದ ಎಲ್‌ಪಿಯನ್ನು ಮಾರುಕಟ್ಟೆಗೆ ತಂದ ಮೇಲೆ ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಹೆಚ್ಚಿನ ಅವಕಾಶ ಸಿಕ್ಕಿತು. ಅದನ್ನು ಹೇಗೆ ತುಂಬಬೇಕೆಂಬ ಪ್ರಶ್ನೆಗೆ ಗಾಯಕರೂ ವಾದ್ಯಸಂಯೋಜಕರೂ ಸೇರಿ ಕಂಡುಕೊಂಡ ಉತ್ತರಗಳೇ ನಾವು ಇಂದು ಹುಡುಕಿಕೊಂಡು ಹೋಗುವ ಆಲ್ಬಮ್‌ಗಳು. ಫ್ರಾಂಕ್ ಸಿನಾಟ್ರಾ 1955ರಲ್ಲಿ ಕ್ಯಾಪಿಟಲ್ ಸಂಸ್ಥೆಗಾಗಿ ಹಾಡಿದ 'ಇನ್ ದ ವೀ ಸ್ಮಾಲ್ ಅವರ್ಸ್' ಇದಕ್ಕೆ ಒಳ್ಳೆಯ ನಿದರ್ಶನ. ಅದರಲ್ಲಿ ಹದಿನಾರು ಹಾಡುಗಳಿವೆ. ಹದಿನಾರೂ ನಿದ್ದೆ ಬಾರದ ರಾತ್ರಿಯವು, ಬಿಟ್ಟು ಹೋದವರನ್ನು ನೆನೆಯುವಂಥವು. ನೆಲ್ಸನ್ ರಿಡಲ್ ಅವರ ವಾದ್ಯಸಂಯೋಜನೆಯಲ್ಲಿ ತಂತಿವಾದ್ಯಗಳು ಎಲ್ಲಿಯೂ ಧ್ವನಿಯ ಮೇಲೆ ಏರಿ ಬರುವುದಿಲ್ಲ. ಶೀರ್ಷಿಕೆ ಗೀತೆಯ ಆರಂಭದಲ್ಲಿ ಸೆಲೆಸ್ಟಾದ (ಗಂಟೆಯಂಥ ನಾದದ ಕೀಲಿಮಣೆ ವಾದ್ಯ) ಕೆಲವೇ ಸ್ವರಗಳು ಹನಿಯುತ್ತವೆ, ಆಮೇಲೆ ಹಾಡು. ಎರಡನೆಯದಾಗಿ ಬರುವ, ಡ್ಯೂಕ್ ಎಲಿಂಗ್ಟನ್ ಅವರ 'ಮೂಡ್ ಇಂಡಿಗೊ'ವನ್ನು ಬಿಡಿಯಾಗಿ ಕೇಳಿದರೆ ಅದೊಂದು ಒಳ್ಳೆಯ ಹಾಡು, ಅಷ್ಟೇ. ಶೀರ್ಷಿಕೆ ಗೀತೆಯ ಬೆನ್ನಿಗೆ ಕೇಳಿದಾಗ, ಮೊದಲ ಹಾಡಿನಲ್ಲಿ ಇನ್ನೂ ಮುಚ್ಚಿಟ್ಟಿದ್ದ ದುಃಖ ಇಲ್ಲಿ ಬಾಯಿಬಿಟ್ಟಿತೆಂದು ತಿಳಿಯುತ್ತದೆ.

ಹೀಗೆ ಕೇಳುವವನಿಗೆ ಸೇವೆಯ ಮೂಲ ವರ್ತನೆಯೇ ಅಡ್ಡಿಯಾಗುತ್ತದೆ. ಆಲ್ಬಮ್‌ನ ಕೊನೆಯ ಹಾಡಾದ 'ದಿಸ್ ಲವ್ ಆಫ್ ಮೈನ್' ಮುಗಿದು ಉಸಿರು ಬಿಡುವುದರೊಳಗೆ ಆ್ಯಪ್ ತಾನಾಗಿಯೇ ಬೇರೊಂದು ಹಾಡನ್ನು ಹಾಕುತ್ತದೆ. ಡಿಸೆಂಬರ್ ತಿಂಗಳಾದರೆ ಅದು ಅದೇ ಗಾಯಕನ ಕ್ರಿಸ್‌ಮಸ್ ಗೀತೆಯಾಗಿರುವ ಸಾಧ್ಯತೆ ಹೆಚ್ಚು. ಸೆಟ್ಟಿಂಗ್ಸ್‌ನಲ್ಲಿ ಆಟೋಪ್ಲೇ ಆಫ್ ಮಾಡಿದರೆ ಈ ಕಾಟ ತಪ್ಪುತ್ತದೆ. ಅಲ್ಲಿಯೇ, ಎಲ್ಲ ಹಾಡುಗಳ ಸದ್ದನ್ನು ಸಮಗೊಳಿಸುವ ಇನ್ನೊಂದು ಆಯ್ಕೆಯಿದೆ. ಅದು ಪ್ರತಿ ಹಾಡನ್ನೂ ಪ್ರತ್ಯೇಕವಾಗಿ ಅಳೆದು ಒಂದೇ ಮಟ್ಟಕ್ಕೆ ತರುವಂತಿದ್ದರೆ, ಮೆಲುದನಿಯಲ್ಲಿ ಹಾಡಬೇಕೆಂದು ಹಾಡಿದ್ದನ್ನು ಎತ್ತರಿಸಿ, ಪೂರ್ಣ ವಾದ್ಯವೃಂದದ ಹಾಡನ್ನು ತಗ್ಗಿಸಿ, ಎರಡರ ನಡುವೆ ಇದ್ದ ಅಂತರವನ್ನೇ ಅಳಿಸಿಬಿಡುತ್ತದೆ. ಬೇರೆ ಬೇರೆ ಕಾಲದ ಹಾಡುಗಳನ್ನು ಬೆರೆಸಿ ಕೇಳುವಾಗ ಅದು ಉಪಕಾರಿಯೇ ಆದರೂ, ಈ ಆಲ್ಬಮ್‌ಗಳಿಗೆ ಅದನ್ನು ಆಫ್ ಮಾಡಿಯೇ ಇಡಬೇಕು. ಇದನ್ನು ಯಾವ ಸಹಾಯ ಪುಟವೂ ಸ್ಪಷ್ಟವಾಗಿ ಹೇಳಲಿಲ್ಲವಾದ್ದರಿಂದ ಇಲ್ಲಿ ದಾಖಲಿಸುತ್ತಿದ್ದೇನೆ.

ನಿಜವಾದ ತೊಡಕು ಇರುವುದು ಹುಡುಕಾಟದಲ್ಲಿ. ಬಿಲ್ಲಿ ಹಾಲಿಡೇ, ಪೆಗ್ಗಿ ಲೀ, ಜೂಲಿ ಲಂಡನ್, ಹೀಗೆ ಆ ಕಾಲದ ಯಾವ ಗಾಯಕಿಯ ಹೆಸರನ್ನು ಕೊಟ್ಟರೂ ಮೂಲ ಆಲ್ಬಮ್‌ಗಳಿಗಿಂತ ಹೆಚ್ಚಾಗಿ, ಕಂಡುಕೇಳರಿಯದ ಲೇಬಲ್‌ಗಳ ಸಂಕಲನಗಳು ಸಾಲುಗಟ್ಟಿ ಬರುತ್ತವೆ. ಮುಖಪುಟಕ್ಕೆ ಯಾವುದೋ ಸೂರ್ಯಾಸ್ತದ ಚಿತ್ರ, ವರ್ಷದ ಜಾಗದಲ್ಲಿ 2012 ಅಥವಾ 2016, ಒಳಗೆ 1950ರ ದಶಕದ ಹಾಡುಗಳು. ಇದರ ಹಿಂದೆ ಕಾನೂನಿನ ಒಂದು ಕಾರಣವಿದೆ. ಐರೋಪ್ಯ ಒಕ್ಕೂಟದಲ್ಲಿ ಧ್ವನಿಮುದ್ರಣಗಳ ಹಕ್ಕಿನ ಅವಧಿ ಮೊದಲು 50 ವರ್ಷವಿತ್ತು. 2011ರ ನಿರ್ದೇಶನವೊಂದು ಅದನ್ನು 70 ವರ್ಷಕ್ಕೆ ವಿಸ್ತರಿಸಿತಾದರೂ, 2013ರ ಕೊನೆಗೆ ಅದು ಜಾರಿಗೆ ಬರುವ ಹೊತ್ತಿಗೆ ಅವಧಿ ತೀರಿಹೋಗಿದ್ದ ಮುದ್ರಣಗಳಿಗೆ ಈ ವಿಸ್ತರಣೆ ಅನ್ವಯಿಸಲಿಲ್ಲ. ಹೀಗಾಗಿ 1962ರವರೆಗೆ ಬಿಡುಗಡೆಯಾದ ಮುದ್ರಣಗಳನ್ನು ಅಲ್ಲಿ ಯಾರು ಬೇಕಾದರೂ ಮತ್ತೆ ಹೊರತರಬಹುದಾಯಿತು. (ಭಾರತದಲ್ಲಿ ಧ್ವನಿಮುದ್ರಣಕ್ಕೆ 60 ವರ್ಷ, ಲೆಕ್ಕ ಶುರುವಾಗುವುದು ಪ್ರಕಟವಾದ ಮರುವರ್ಷದಿಂದ.) ಹಕ್ಕು ಮುಗಿದದ್ದನ್ನು ಹೊರತರುವುದರಲ್ಲಿ ತಪ್ಪೇನೂ ಇಲ್ಲ, ಅವರಲ್ಲಿ ಕೆಲವರು ಶ್ರದ್ಧೆಯಿಂದ ಕೆಲಸ ಮಾಡಿದ್ದಾರೆ ಕೂಡ. ಆದರೆ ಬಹುಪಾಲು ಸಂಕಲನಗಳಲ್ಲಿ ಗೀಚು ಸದ್ದನ್ನು ತೆಗೆಯುವ ಭರದಲ್ಲಿ ಡ್ರಮ್ಸ್ ಜೊತೆಗಿನ ಲೋಹದ ತಾಳವಾದ ಸಿಂಬಲ್‌ನ ಹೊಳಪನ್ನೂ ಗಾಯಕಿಯ ಉಸಿರನ್ನೂ ಒಟ್ಟಿಗೆ ಒರೆಸಿಹಾಕಿರುತ್ತಾರೆ. ಹಾಡುಗಳ ಮೂಲ ಅನುಕ್ರಮವಂತೂ ಇರುವುದೇ ಇಲ್ಲ.

ಮೂಲ ಆಲ್ಬಮ್ ಸಿಕ್ಕಿದ ಮೇಲೂ ಯಾವ ಆವೃತ್ತಿ ಎಂಬ ಪ್ರಶ್ನೆ ಉಳಿಯುತ್ತದೆ. ಎಡಕ್ಕೂ ಬಲಕ್ಕೂ ಬೇರೆ ಬೇರೆ ಧ್ವನಿ ಕೊಡುವ ಸ್ಟೀರಿಯೊ ತಟ್ಟೆಗಳು ಅಂಗಡಿಗೆ ಬಂದದ್ದು 1958ರ ಸುಮಾರಿಗೆ. ಅದಕ್ಕೆ ಹಿಂದಿನವುಗಳಲ್ಲಿ ಹೆಚ್ಚಿನವು ಎರಡೂ ಬದಿಗೆ ಒಂದೇ ಧ್ವನಿಯಿರುವ ಮಾನೊ ಮುದ್ರಣಗಳು. ಸ್ಟೀರಿಯೊ ಜನಪ್ರಿಯವಾದಂತೆ ಕಂಪನಿಗಳು ಹಳೆಯ ಮಾನೊ ಮುದ್ರಣಗಳನ್ನೇ ಕೃತಕವಾಗಿ ಎರಡಾಗಿ ಒಡೆದು ಮಾರಲು ತೊಡಗಿದವು. ಕ್ಯಾಪಿಟಲ್ ಸಂಸ್ಥೆ ಇದಕ್ಕೆ 'ಡ್ಯುಯೊಫೋನಿಕ್' ಎಂದು ಹೆಸರಿಟ್ಟಿತ್ತು: ಮಂದ್ರ ಸ್ವರಗಳನ್ನು ಒಂದು ಬದಿಗೆ, ತಾರಸ್ವರಗಳನ್ನು ಇನ್ನೊಂದು ಬದಿಗೆ ಹೆಚ್ಚಿಸಿ, ನಡುವೆ ಕಣ್ಣೆವೆಯಷ್ಟು ವಿಳಂಬ ಸೇರಿಸುವ ವಿಧಾನ. ಇಯರ್‌ಫೋನ್‌ನಲ್ಲಿ ಕೇಳಿದರೆ ಗಾಯಕ ಎಲ್ಲಿ ನಿಂತಿದ್ದಾನೆಂಬುದೇ ತಿಳಿಯುವುದಿಲ್ಲ. ಟ್ರಂಪೆಟ್ ವಾದಕರೂ ಗಾಯಕರೂ ಆದ ಚೆಟ್ ಬೇಕರ್ ಅವರ 'ಚೆಟ್ ಬೇಕರ್ ಸಿಂಗ್ಸ್' ಕಥೆ ಇನ್ನೂ ವಿಚಿತ್ರ. 1954ರಲ್ಲಿ ಹತ್ತು ಅಂಗುಲದ ತಟ್ಟೆಯಲ್ಲಿ ಎಂಟು ಹಾಡುಗಳಾಗಿ ಬಂದ ಈ ಆಲ್ಬಮ್‌ಗೆ 1956ರಲ್ಲಿ ಇನ್ನಾರು ಸೇರಿ ಹನ್ನೆರಡು ಅಂಗುಲದ್ದಾಯಿತು. 60ರ ದಶಕದ ಆರಂಭದಲ್ಲಿ ಸ್ಟೀರಿಯೊ ಎಂದು ಮಾರುವ ಸಲುವಾಗಿ ಅದರ ಮೇಲೆ ಜೋ ಪಾಸ್ ಅವರ ಗಿಟಾರನ್ನು ಹೊಸದಾಗಿ ಸೇರಿಸಿ ಮತ್ತೊಂದು ಆವೃತ್ತಿಯನ್ನು ಬಿಟ್ಟರು. ಜೋ ಪಾಸ್ ದೊಡ್ಡ ಕಲಾವಿದರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೇಕರ್ ಅವರ ಆ ಬೋಳುದನಿಗೆ ಬೇಕಾದ ಖಾಲಿ ಜಾಗವನ್ನು ಗಿಟಾರು ತುಂಬಿಬಿಡುತ್ತದೆ. ಸೇವೆಯ ಪಟ್ಟಿಯಲ್ಲಿ ಇಂಥ ಭೇದಗಳನ್ನು ವಿವರಿಸುವ ಒಂದು ಸಾಲೂ ಇಲ್ಲ. ಹಾಡುಗಳ ಸಂಖ್ಯೆ, ಅನುಕ್ರಮ, ಕೆಳಗೆ ಸಣ್ಣ ಅಕ್ಷರದಲ್ಲಿರುವ ಹಕ್ಕುದಾರ ಸಂಸ್ಥೆಯ ಹೆಸರು, ಈ ಮೂರನ್ನು ನೋಡಿ ಆರಿಸುವುದು ಈಗ ನನಗೆ ರೂಢಿಯಾಗಿದೆ.

ಇಷ್ಟೆಲ್ಲ ದೂರಿದ ಮೇಲೂ ಚಂದಾ ನವೀಕರಿಸುತ್ತಲೇ ಇರುವುದೇಕೆ ಎಂದರೆ, ಒಂದೇ ಹಾಡನ್ನು ಹಲವರ ಕಂಠದಲ್ಲಿ ಪಕ್ಕಪಕ್ಕದಲ್ಲಿಟ್ಟು ಕೇಳುವ ಸೌಲಭ್ಯ ಬೇರೆಲ್ಲಿಯೂ ಇಷ್ಟು ಸುಲಭವಾಗಿ ಸಿಗುವುದಿಲ್ಲ. 'ಸ್ಟಾರ್‌ಡಸ್ಟ್' ಎಂಬ ಹಾಡಿಗೆ, ಆ ಕಾಲದ ಅನೇಕ ಹಾಡುಗಳಿಗೆ ಇರುವಂತೆ, ಮುಖ್ಯ ಭಾಗಕ್ಕೆ ಮೊದಲು ಒಂದು ಪೀಠಿಕೆಯಿದೆ. ಅನೇಕ ಗಾಯಕರು ಅದನ್ನು ಕೈಬಿಟ್ಟು ನೇರವಾಗಿ ಮುಖ್ಯ ಭಾಗಕ್ಕೆ ಹೋಗುತ್ತಾರೆ. ನ್ಯಾಟ್ ಕಿಂಗ್ ಕೋಲ್ 1957ರ 'ಲವ್ ಈಸ್ ದ ಥಿಂಗ್' ಆಲ್ಬಮ್‌ನಲ್ಲಿ, ಗಾರ್ಡನ್ ಜೆಂಕಿನ್ಸ್ ಅವರ ತಂತಿವಾದ್ಯಗಳ ಹಿನ್ನೆಲೆಯಲ್ಲಿ, ಆ ಪೀಠಿಕೆಯನ್ನು ಎಷ್ಟು ನಿಧಾನವಾಗಿ, ಎಷ್ಟು ಸ್ಪಷ್ಟ ಉಚ್ಚಾರದಿಂದ ಹಾಡುತ್ತಾರೆಂದರೆ ಮುಖ್ಯ ಭಾಗ ಬರುವ ಹೊತ್ತಿಗೆ ಕೇಳುಗ ಅರ್ಧ ಕಥೆ ಕೇಳಿ ಮುಗಿಸಿರುತ್ತಾನೆ. ಸಿನಾಟ್ರಾ 1961ರಲ್ಲಿ ಪೀಠಿಕೆಯನ್ನಷ್ಟೇ ಹಾಡಿ, ಎಲ್ಲರಿಗೂ ಬಾಯಿಪಾಠವಾಗಿದ್ದ ಮುಖ್ಯ ಭಾಗವನ್ನು ಹಾಡದೆಯೇ ಮುಗಿಸಿದರು. ಇವೆರಡನ್ನು ಒಂದರ ಹಿಂದೆ ಒಂದು ಕೇಳಿದರೆ ಹಾಡುಗಾರಿಕೆಯಲ್ಲಿ ಆಯ್ಕೆ ಎಂಬುದು ಎಷ್ಟು ದೊಡ್ಡ ಕೆಲಸವೆಂದು ಮನವರಿಕೆಯಾಗುತ್ತದೆ. ಗಾಯಕಿ ಎಲ್ಲಾ ಫಿಟ್ಜೆರಾಲ್ಡ್ ಅವರ ಗೀತಸಂಪುಟಗಳೂ ಇಲ್ಲಿ ಪೂರ್ತಿಯಾಗಿ ಸಿಗುತ್ತವೆ. ಗೀತರಚನೆಕಾರ ಕೋಲ್ ಪೋರ್ಟರ್ ಅವರ ಹಾಡುಗಳ 1956ರ ಸಂಪುಟವೊಂದರಲ್ಲಿಯೇ 32 ಹಾಡುಗಳಿವೆ. ಸತ್ಯ ಹೇಳಬೇಕೆಂದರೆ ಅದನ್ನು ಒಂದೇ ಕೂಡುವಿಕೆಯಲ್ಲಿ ಕೇಳಲು ನನಗೆ ಆಗುವುದಿಲ್ಲ. ಹೊಸಬರಿಗೆ ನಾನು ಸೂಚಿಸುವುದು ಅದೇ ವರ್ಷದ 'ಎಲ್ಲಾ ಅಂಡ್ ಲೂಯಿ'ಯನ್ನು. ಆಸ್ಕರ್ ಪೀಟರ್ಸನ್ ಅವರ ಪಿಯಾನೊ ಸೇರಿ ನಾಲ್ವರೇ ಪಕ್ಕವಾದ್ಯದವರು. ಆಗಸ್ಟ್ ತಿಂಗಳ ಒಂದೇ ದಿನದಲ್ಲಿ ಮುಗಿದ ಮುದ್ರಣ. ಲೂಯಿ ಆರ್ಮ್‌ಸ್ಟ್ರಾಂಗ್ ಅವರ ಒರಟು ದನಿಯ ಪಕ್ಕದಲ್ಲಿ ಎಲ್ಲಾ ಅವರ ದನಿ ಇನ್ನಷ್ಟು ತಿಳಿಯಾಗಿ ಕೇಳಿಸುತ್ತದೆ.

ಧ್ವನಿಯ ಗುಣಮಟ್ಟದ ವಿಷಯದಲ್ಲಿ, ಹೆಚ್ಚಿನ ಹಣ ಕೊಟ್ಟು, ಧ್ವನಿಯ ಮಾಹಿತಿ ಏನೂ ನಷ್ಟವಾಗದ ಲಾಸ್‌ಲೆಸ್ ಯೋಜನೆಗೆ ಹೋಗಬೇಕೇ ಎಂದು ಅನೇಕರು ಕೇಳುತ್ತಾರೆ. ಇದನ್ನು ಪರೀಕ್ಷಿಸಲು ಜೂಲಿ ಲಂಡನ್ ಅವರ 1955ರ 'ಜೂಲಿ ಈಸ್ ಹರ್ ನೇಮ್' ತಕ್ಕ ಆಲ್ಬಮ್. ಬಾರ್ನಿ ಕೆಸೆಲ್ ಅವರ ಗಿಟಾರ್, ರೇ ಲೆದರ್‌ವುಡ್ ಅವರ ಬಾಸ್ (ಮಂದ್ರ ಸ್ವರದ ತಂತಿವಾದ್ಯ), ಮೈಕಿಗೆ ತೀರ ಹತ್ತಿರದಲ್ಲಿರುವ ಒಂದು ದನಿ, ಬೇರೇನೂ ಇಲ್ಲ. 'ಕ್ರೈ ಮಿ ಎ ರಿವರ್' ಹಾಡಿನಲ್ಲಿ ಒಂದು ಸಾಲು ಮುಗಿದು ಇನ್ನೊಂದು ಆರಂಭವಾಗುವ ನಡುವೆ ಬಾಸ್‌ನ ತಂತಿಯ ಮೇಲಿನ ಬೆರಳು ಕದಲುವುದನ್ನು ಗಮನಿಸಿ. ಒಳ್ಳೆಯ ಇಯರ್‌ಫೋನ್‌ನಲ್ಲಿ ಕಡಿಮೆ ದರ್ಜೆಯ ಸ್ಟ್ರೀಮ್‌ಗೂ ಲಾಸ್‌ಲೆಸ್‌ಗೂ ವ್ಯತ್ಯಾಸ ನನಗೆ ಕೇಳಿಸುತ್ತದೆ. ಸೆಕೆಂಡಿಗೆ 320 ಕಿಲೋಬಿಟ್ ದರದ ಸ್ಟ್ರೀಮ್‌ಗೂ ಲಾಸ್‌ಲೆಸ್‌ಗೂ ಇರುವ ವ್ಯತ್ಯಾಸವನ್ನು ಆಣೆಯಿಟ್ಟು ಹೇಳಲಾರೆ. ಒಳ್ಳೆಯ ಆವೃತ್ತಿಗೂ ಕೆಟ್ಟ ಸಂಕಲನಕ್ಕೂ ಇರುವ ಅಂತರದ ಮುಂದೆ ಇದು ಗಣನೆಗೇ ಬಾರದು.

ಲಘು ವಾದ್ಯಸಂಗೀತದ ಬಗ್ಗೆ ಎರಡು ಮಾತು. ಇದನ್ನು ಲಿಫ್ಟಿನಲ್ಲಿ ಕೇಳಿಬರುವ ಸಂಗೀತವೆಂದು ತಳ್ಳಿಹಾಕುವವರಿದ್ದಾರೆ, ಮತ್ತು ಇದರಲ್ಲಿ ಸಾಕಷ್ಟು ಪಾಲು ಅದಕ್ಕೆ ಅರ್ಹವೂ ಹೌದು. ಆದರೆ ವಾದ್ಯವೃಂದದ ನಿರ್ದೇಶಕ ಮಾಂಟೊವಾನಿ ಅವರ 1951ರ 'ಶಾರ್ಮೇನ್' ಕೇಳಿ. ವಾದ್ಯಸಂಯೋಜಕ ರೊನಾಲ್ಡ್ ಬಿಂಜ್ ಪಿಟೀಲುಗಳನ್ನು ಗುಂಪುಗಳಾಗಿ ಒಡೆದು, ರಾಗದ ಒಂದೊಂದು ಸ್ವರವನ್ನು ಒಂದೊಂದು ಗುಂಪು ಎತ್ತಿಕೊಂಡು ಹಿಡಿದು ನಿಲ್ಲುವಂತೆ ಬರೆದರು. ಹೀಗೆ ಸ್ವರದ ಮೇಲೆ ಸ್ವರ ಚಾಚಿಕೊಂಡು ದೊಡ್ಡ ಚರ್ಚಿನೊಳಗಿನ ಅನುರಣನದಂಥ ಪರಿಣಾಮ ಹುಟ್ಟುತ್ತದೆ. ಅದು ಯಂತ್ರದ ಚಮತ್ಕಾರವಲ್ಲ, ಸ್ವರಲಿಪಿಯಲ್ಲಿಯೇ ಬರೆದ ಪ್ರತಿಧ್ವನಿ. ಜಾಕಿ ಗ್ಲೀಸನ್ ಎಂಬ ಹಾಸ್ಯನಟರ ಹೆಸರಿನಲ್ಲಿ ಬಂದ 1952ರ 'ಮ್ಯೂಸಿಕ್ ಫಾರ್ ಲವರ್ಸ್ ಓನ್ಲಿ' ನಯವಾಗಿದ್ದರೂ ಬಾಬಿ ಹ್ಯಾಕೆಟ್ ಅವರ ಟ್ರಂಪೆಟ್ ಬಂದಾಗ ಮಾತ್ರ ಎದ್ದು ಕೂರುವಂತಾಗುತ್ತದೆ. ಉಳಿದ ಹೊತ್ತು ಓದುತ್ತಾ ಕೇಳಬಹುದು.

ಆ ಟ್ರಂಪೆಟ್ ನುಡಿಸಿದವರು ಹ್ಯಾಕೆಟ್ ಎಂಬುದನ್ನು ಸೇವೆ ನನಗೆ ತಿಳಿಸಲಿಲ್ಲ, ಮತ್ತು ನನ್ನ ಅತಿದೊಡ್ಡ ತಕರಾರು ಇದೇ. ಹಳೆಯ ಎಲ್‌ಪಿಯ ಹಿಂಬದಿಯಲ್ಲಿ ಸಾಮಾನ್ಯವಾಗಿ ಇರುತ್ತಿದ್ದ ಟಿಪ್ಪಣಿಗಳು, ವಾದ್ಯಗಾರರ ಹೆಸರುಗಳು, ಮುದ್ರಣದ ಸ್ಥಳ, ಇವು ಒಂದೂ ಪರದೆಯ ಮೇಲೆ ಬರುವುದಿಲ್ಲ. ಹೆಚ್ಚೆಂದರೆ ಗೀತರಚನೆಕಾರರ ಹೆಸರು ಸಿಗುತ್ತದೆ. ನಮ್ಮ ಸುಗಮ ಸಂಗೀತದ ಕೇಳುಗರಿಗೆ ಇದರ ಕೊರತೆ ಬೇಗ ಅರ್ಥವಾದೀತು. 1978ರ 'ನಿತ್ಯೋತ್ಸವ' ಧ್ವನಿಸುರುಳಿಯನ್ನು ನಿಸಾರ್ ಅಹಮದರ ಹೆಸರೂ ಮೈಸೂರು ಅನಂತಸ್ವಾಮಿಯವರ ಹೆಸರೂ ಇಲ್ಲದೆ ನೆನೆಯಲು ನಮಗೆ ಸಾಧ್ಯವಿಲ್ಲ. ರಿಡಲ್ ಅವರ ಹೆಸರಿಲ್ಲದ ಸಿನಾಟ್ರಾ ಆಲ್ಬಮ್ ಕೂಡ ಹಾಗೆಯೇ ಅರ್ಧ. ಬಿಲ್ಲಿ ಹಾಲಿಡೇ ಅವರ 1958ರ 'ಲೇಡಿ ಇನ್ ಸ್ಯಾಟಿನ್' ತೆರೆದರೆ, ಅದು ನ್ಯೂಯಾರ್ಕಿನಲ್ಲಿ ಹಿಂದೆ ಚರ್ಚ್ ಆಗಿದ್ದ ಕೊಲಂಬಿಯಾದ ಸ್ಟುಡಿಯೊದಲ್ಲಿ ಮುದ್ರಿತವಾದದ್ದು, ತಂತಿವಾದ್ಯಗಳನ್ನು ರೇ ಎಲ್ಲಿಸ್ ಸಂಯೋಜಿಸಿದ್ದು, ಮರುವರ್ಷ ಜುಲೈನಲ್ಲಿ ಗಾಯಕಿ ತೀರಿಹೋದದ್ದು, ಇದ್ಯಾವುದೂ ಅಲ್ಲಿಲ್ಲ. ಆ ಒಡೆದ ಕಂಠವನ್ನು ಮೊದಲ ಬಾರಿ ಕೇಳುವವರು ಮುದ್ರಣವೇ ಕೆಟ್ಟಿದೆಯೆಂದು ಭಾವಿಸಿ ಮುಂದಿನ ಹಾಡಿಗೆ ಹೋದರೆ ಅವರನ್ನು ದೂರುವಂತಿಲ್ಲ. ಕೋಟಿಗಟ್ಟಲೆ ಹಾಡುಗಳನ್ನು ಒದಗಿಸಬಲ್ಲ ಸೇವೆಗೆ ಪ್ರತಿ ಆಲ್ಬಮ್‌ನ ಜೊತೆ ಒಂದು ಪುಟ ಅಕ್ಷರ ಸೇರಿಸುವುದು ಏಕೆ ಭಾರವಾಗುತ್ತದೋ ತಿಳಿಯದು.

ಉಪಕರಣದ ಬಗ್ಗೆ ಕೇಳುವವರಿಗೆ: ದುಬಾರಿ ಆ್ಯಂಪ್ಲಿಫೈಯರ್ ಕೊಳ್ಳುವ ಮೊದಲು ನಿಮಗೆ ಪ್ರಿಯವಾದ ಆಲ್ಬಮ್‌ಗಳಲ್ಲಿ ಎಷ್ಟು ಮಾನೊ ಮುದ್ರಣಗಳೆಂದು ನೋಡಿಕೊಳ್ಳಿ. 1955, 56ರ ಗಾಯನಕ್ಕೆ ಒಂದೇ ಒಂದು ಒಳ್ಳೆಯ ಸ್ಪೀಕರ್ ಸಾಕು, ಮತ್ತು ಎರಡು ಅಗ್ಗದ ಸ್ಪೀಕರ್‌ಗಳಿಗಿಂತ ಅದೇ ಮೇಲು. ನನ್ನ ಬಳಿ ಈಗ ಒಂದು ಸ್ಪೀಕರ್ ಮೇಜಿನ ಮೇಲಿದೆ; ನ್ಯಾಟ್ ಕಿಂಗ್ ಕೋಲ್ ಅವರ ಮೊದಲ ಸ್ಟೀರಿಯೊ ಆಲ್ಬಮ್ ಆದ 'ಲವ್ ಈಸ್ ದ ಥಿಂಗ್' ಮತ್ತು ಅದರ ನಂತರದ ಕಾಲದವುಗಳಿಗೆ ಮಾತ್ರ ಇಯರ್‌ಫೋನ್ ತೆಗೆದುಕೊಳ್ಳುತ್ತೇನೆ.