ಬಳ್ಳಾರಿಯ ಸಣ್ಣ ವೆಬ್ ಆಫೀಸೋ, ಬೆಂಗಳೂರಿನ ದೊಡ್ಡ ಕಂಪನಿಯೋ?

ವೆಬ್ ಡಿಸೈನ್ ಕಲಿತು ಮೊದಲ ಕೆಲಸ ಹುಡುಕುತ್ತಿದ್ದೀರಾ? ಸಂಬಳ ಬೆಂಗಳೂರಿನಲ್ಲೇ ಜಾಸ್ತಿ. ಆದರೆ ಬಾಡಿಗೆ, ಓಡಾಟಕ್ಕೇ ಅದರಲ್ಲಿ ದೊಡ್ಡ ಪಾಲು ಹೋಗುತ್ತದೆ.

ಕಲಿಕೆಯ ಮಾತು ಬೇರೆ. ದೊಡ್ಡ ಕಂಪನಿಯಲ್ಲಿ ತಿಂಗಳುಗಟ್ಟಲೆ ಬರೀ ಬಟನ್, ಫಾರ್ಮ್ ಮಾಡುತ್ತಾ ಕೂರಬೇಕಾಗಬಹುದು. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸುವ ಸಾಹುಕಾರರು ವಾಟ್ಸ್‌ಆ್ಯಪ್‌ನಲ್ಲಿ ಮಸುಕು ಫೋಟೊ ಕಳಿಸಿ, ‘ನಾಳೆಗೇ ಸೈಟ್ ಬೇಕು ನೋಡಪ್ಪಾ’ ಅನ್ನುತ್ತಾರೆ. ಫೋಟೊ ತಿದ್ದುವುದು, ಕನ್ನಡವನ್ನು ಎಲ್ಲ ಫೋನು, ಕಂಪ್ಯೂಟರಿಗೂ ಹೊಂದುವ ಅಕ್ಷರ ಸಂಕೇತವಾದ ಯೂನಿಕೋಡ್‌ನಲ್ಲಿ ಕೂರಿಸುವುದು, ಸೈಟಿನ ವಿಳಾಸವಾದ ಡೊಮೇನನ್ನು ಅವರ ಹೆಸರಿನಲ್ಲೇ ಕೊಳ್ಳುವುದು, ಅಗ್ಗದ ಮೊಬೈಲ್‌ನಲ್ಲೂ ತೆರೆದು ನೋಡುವುದು, ಕೊನೆಗೆ ಬಾಕಿ ಹಣ ಕೇಳುವುದು, ಎಲ್ಲಾ ನೀವೇ. ನನ್ನ ಪ್ರಕಾರ ಕೈ ಪಳಗುವುದು ಇಲ್ಲೇ ಬೇಗ.

ಒಂದು ಕೊರತೆ ಇದೆ. ನಿಮ್ಮ ಕೋಡ್ ನೋಡಿ ತಪ್ಪು ತೋರಿಸುವ ಹಿರಿಯರು ಸಣ್ಣ ಆಫೀಸಿನಲ್ಲಿ ಇಲ್ಲದಿರಬಹುದು. ಸೇರುವ ಮೊದಲು ಅದನ್ನೇ ಕೇಳಿ. ಅಂಥವರು ಒಬ್ಬರಿದ್ದರೂ ಬಳ್ಳಾರಿಯಲ್ಲೇ ಉಳಿಯಿರಿ. ಇಲ್ಲವೇ, ಬೆಂಗಳೂರಿನ ಬಸ್ಸು ಹತ್ತಿ.